ಸಮುದ್ರದಡಿ ಹೋಟೆಲ್ ಕಟ್ಟುವುದಾದರೆ ಶೌಚಾಲಯದಿಂದ ಶುರು ಮಾಡಿ

ಪ್ರಶ್ನೆ: ನಮ್ಮೂರು ವಿರಾಜಪೇಟೆ ಹತ್ತಿರ. ಮನೆಯಲ್ಲಿ ಕಾಫಿ ತೋಟ ಇದೆ, ಜೊತೆಗೆ ಒಂದು ಹೋಂಸ್ಟೇ. ನಾನು ಆರ್ಕಿಟೆಕ್ಚರ್ ಕೊನೆಯ ವರ್ಷದಲ್ಲಿದ್ದೇನೆ. ಥೀಸಿಸ್‌ಗೆ ಸಮುದ್ರದಡಿಯ ಐಷಾರಾಮಿ ಹೋಟೆಲ್ ಆರಿಸಿಕೊಂಡಿದ್ದೇನೆ. ನೇತ್ರಾಣಿ ದ್ವೀಪದ ಹತ್ತಿರ, 20 ಮೀಟರ್ ಆಳದಲ್ಲಿ, 100 ಕೋಣೆ, ಮೇಲೆ ಪೂರ್ತಿ ಗಾಜಿನ ಗುಮ್ಮಟ. ಗೈಡ್ ‘ಆಗದ ಮಾತು’ ಅಂದುಬಿಟ್ಟರು, ಯಾಕೆ ಅಂತ ಹೇಳಲಿಲ್ಲ. ಅಪ್ಪ ‘ಅಷ್ಟು ಆಸೆ ಇದ್ದರೆ ತೋಟದ ಕೆರೆಯಲ್ಲೇ ಒಂದು ರೂಮ್ ಮಾಡು’ ಅಂತ ನಗುತ್ತಾರೆ. ನಿಜಕ್ಕೂ ಆಗದ ಮಾತಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಆಗದ ಮಾತಲ್ಲ. ಸಮುದ್ರದಡಿ ಮಲಗಿ ಎದ್ದು ಬರುವ ಕೋಣೆಗಳನ್ನು ಜನ ಆಗಲೇ ಕಟ್ಟಿದ್ದಾರೆ. ಆದರೆ ನೀವು ಹೇಳುವ ಅಳತೆಯಲ್ಲಿ ಯಾರೂ ಕಟ್ಟಿಲ್ಲ. ಕಟ್ಟುತ್ತೇವೆ ಎಂದವರು ಇದ್ದರು. ದುಬೈನಲ್ಲಿ ಹೈಡ್ರೊಪೊಲಿಸ್ ಎಂಬ ಯೋಜನೆ ಬಂತು. 20 ಮೀಟರ್ ಆಳ, 220 ಸೂಟ್. ಅದರ ಚಿತ್ರಗಳು ಎಲ್ಲ ಕಡೆ ಬಂದವು, ಹೋಟೆಲ್ ಮಾತ್ರ ಬರಲಿಲ್ಲ. ಫಿಜಿಯಲ್ಲಿ ಪೊಸೈಡನ್ ಎಂಬ ರೆಸಾರ್ಟ್ 2008ರ ಹೊತ್ತಿಗೆ ತೆರೆಯುತ್ತದೆ ಎಂದರು. 12 ಮೀಟರ್ ಆಳ, 20ಕ್ಕೂ ಹೆಚ್ಚು ಕೋಣೆ. ಅದೂ ತೆರೆಯಲಿಲ್ಲ.

ಇನ್ನು ಆದವು ಯಾವುವು ನೋಡಿ. ಮಾಲ್ಡೀವ್ಸ್‌ನ ರಂಗಾಲಿ ದ್ವೀಪದಲ್ಲಿ 2018ರಲ್ಲಿ ತೆರೆದ ‘ಮುರಾಕಾ’: ಸುಮಾರು 5 ಮೀಟರ್ ಕೆಳಗೆ ಒಂದು ಮಲಗುವ ಕೋಣೆ. ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ 2013ರದ್ದು: ಒಂದು ಕೋಣೆ, 4 ಮೀಟರ್. ಸ್ವೀಡನ್‌ನ ಮೆಲಾರೆನ್ ಸರೋವರದಲ್ಲಿ 2000ದಲ್ಲಿ ಬಂದ ‘ಉಟ್ಟರ್ ಇನ್’: ಅದೂ ಒಂದೇ ಕೋಣೆ, 3 ಮೀಟರ್. ನೂರೂ ಅಲ್ಲ, ಹತ್ತೂ ಅಲ್ಲ. ನಿಮ್ಮ ಗೈಡ್ ಹೇಳದೆ ಬಿಟ್ಟ ಕಾರಣ ಈ ಅಂಕಿಗಳಲ್ಲೇ ಇದೆ.

ಪೆಂಬಾದ ಕೋಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದು ತೇಲುವ ಕಟ್ಟಡ, ಮೂರು ಅಂತಸ್ತು. ಛಾವಣಿ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗುವ ಜಾಗ. ನೀರಿನ ಮಟ್ಟದಲ್ಲಿ ಕೂರುವ ಜಾಗ ಮತ್ತು ಬಾತ್‌ರೂಮ್. ನೀರಿನಡಿ ಮಂಚ, ಸುತ್ತ ಕಿಟಕಿ, ಅಷ್ಟೇ. ಮಾಡಿದವರು ಮಿಕಾಯೆಲ್ ಗೆನ್‌ಬರ್ಗ್. ಉಟ್ಟರ್ ಇನ್ ಮಾಡಿದ್ದೂ ಅವರೇ. ಬಾತ್‌ರೂಮನ್ನು ಮೇಲಿಟ್ಟದ್ದು ನನಗೆ ಆ ಇಡೀ ವಿನ್ಯಾಸದ ಜಾಣತನದ ಜಾಗ ಅನ್ನಿಸುತ್ತದೆ. ಯಾಕೆಂದರೆ ನೀರಿನ ಮಟ್ಟಕ್ಕಿಂತ ಕೆಳಗೆ ಶೌಚಾಲಯ ಇಟ್ಟರೆ ಹೊಲಸು ನೀರು ತಾನಾಗಿ ಹರಿದು ಹೋಗುವುದಿಲ್ಲ. ಅದನ್ನು ಅರೆದು ಪಂಪ್‌ನಲ್ಲಿ ಮೇಲೆತ್ತಬೇಕು. ಒಂದು ಪಂಪ್ ಕೆಟ್ಟರೆ ಅಂತ ಇನ್ನೊಂದು ಇರಬೇಕು. ವಾಪಸ್ ಬರದ ಹಾಗೆ ವಾಲ್ವ್ ಬೇಕು. ಆ ಪಂಪ್ ರಾತ್ರಿ ಎರಡು ಗಂಟೆಗೆ ಗುರ್ ಅಂದರೆ ಲಕ್ಷಗಟ್ಟಲೆ ಕೊಟ್ಟು ಮಲಗಿದವರು ಎದ್ದು ಕೂರುತ್ತಾರೆ. ಮುರಾಕಾದಲ್ಲಿ ಕೆಳಗೂ ಬಾತ್‌ರೂಮ್ ಇದೆ, ನಿಜ. ಆದರೆ ಅದು ಶುರುವಾದಾಗ ಇಟ್ಟ ದರ ರಾತ್ರಿಗೆ 50,000 ಡಾಲರ್. ಆ ದುಡ್ಡಿಗೆ ಎಷ್ಟು ಪಂಪ್ ಬೇಕಾದರೂ ಇಡಬಹುದು ಬಿಡಿ.

ಹಾಗಾಗಿ ಗುಮ್ಮಟವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀರಿನಡಿ ಏನೇನು ಇರಬಾರದು ಅಂತ ಮೊದಲು ತೀರ್ಮಾನ ಮಾಡಿ. ಶೌಚಾಲಯ, ಅಡುಗೆಮನೆ, ಲಾಂಡ್ರಿ, ಜನರೇಟರ್, ರಿಸೆಪ್ಶನ್, ಕೆಲಸದವರ ಕೋಣೆ, ಎಲ್ಲ ಒಂದೊಂದಾಗಿ ಮೇಲೆ ಕಳಿಸಿ. ಕೊನೆಗೆ ಕೆಳಗೆ ಉಳಿಯುವುದು ಮಂಚ ಮತ್ತು ಕಿಟಕಿ. ನಿಮ್ಮ ಹೋಟೆಲ್‌ನ ಮುಕ್ಕಾಲು ಭಾಗ ನೀರಿನ ಮೇಲೆ ಇರುತ್ತದೆ. ಇದರಿಂದ ನಿಮಗೆ ಬೇಜಾರಾಗಬಹುದು. ಆದರೆ ನಿಂತಿರುವ ಕಟ್ಟಡಗಳು ಹೆಚ್ಚಾಗಿ ಹೀಗೇ ಇರುವುದು.

ಈಗ ಆಳದ ಮಾತು. ಸಮುದ್ರದಲ್ಲಿ 10 ಮೀಟರ್ ಇಳಿದರೆ ಪ್ರತಿ ಚದರ ಮೀಟರ್ ಮೇಲೆ ಸುಮಾರು 10 ಟನ್ ಭಾರ ಬೀಳುತ್ತದೆ. 2 ಮೀಟರ್ ಎತ್ತರ, 3 ಮೀಟರ್ ಅಗಲದ ಕಿಟಕಿಯನ್ನು 20 ಮೀಟರ್ ಆಳದಲ್ಲಿ ಇಟ್ಟರೆ ಅದು 120 ಟನ್ ತಡೆಯಬೇಕು. 5 ಮೀಟರ್‌ನಲ್ಲಾದರೆ 30 ಟನ್. ಅಷ್ಟು ಕಷ್ಟಪಟ್ಟು ಆಳಕ್ಕೆ ಹೋದರೆ ಸಿಗುವುದೇನು? ಬೆಳಕು ಕಡಿಮೆಯಾಗುತ್ತದೆ. ಕೆಂಪು ಬಣ್ಣವನ್ನು ಮೇಲಿನ ಕೆಲವೇ ಮೀಟರ್ ನೀರು ನುಂಗಿಬಿಡುತ್ತದೆ, ಆಮೇಲೆ ಕಿತ್ತಳೆ, ಹಳದಿ. 20 ಮೀಟರ್‌ನಲ್ಲಿ ಎಲ್ಲ ನೀಲಿ ಬೂದು. ಹವಳದ ಬಣ್ಣ, ಮೀನಿನ ಬಣ್ಣ ನೋಡಬೇಕಾದರೆ ಐದಾರು ಮೀಟರೇ ಸರಿ.

ಒತ್ತಡ ತಡೆಯುವ ಗೋಡೆ ಬೇಡ, ಒಳಗಿನ ಗಾಳಿಯನ್ನೇ ನೀರಿನಷ್ಟು ಒತ್ತಡಕ್ಕೆ ಏರಿಸಿದರೆ ಆಗಲ್ವಾ ಅಂತ ಜೂರಿಯಲ್ಲಿ, ಅಂದರೆ ಥೀಸಿಸ್ ಪರೀಕ್ಷಿಸುವವರಲ್ಲಿ, ಯಾರಾದರೂ ಕೇಳಬಹುದು. ಆಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಕೀ ಲಾರ್ಗೊ ಎಂಬಲ್ಲಿ ‘ಜೂಲ್ಸ್ ಅಂಡರ್‌ಸೀ ಲಾಡ್ಜ್’ 1986ರಿಂದ ಹೀಗೇ ನಡೆದುಬಂದಿದೆ. ಮೊದಲು ಅದು ಸಂಶೋಧನೆಯ ನೆಲೆಯಾಗಿತ್ತು. ನೆಲದಲ್ಲಿ ತೆರೆದ ಬಾವಿಯಂಥ ಬಾಗಿಲು, ಒಳಗಿನ ಗಾಳಿಯೇ ನೀರನ್ನು ಕೆಳಗೆ ಹಿಡಿದಿಡುತ್ತದೆ. ಅತಿಥಿಗಳು ಡೈವಿಂಗ್ ಉಡುಪಿನಲ್ಲಿ ಮುಳುಗಿ ಒಳಗೆ ಬರಬೇಕು. ಒತ್ತಡದಲ್ಲಿ ಮೈಗೆ ಸೇರಿದ ಗಾಳಿ ನಿಧಾನವಾಗಿ ಹೊರಬರಬೇಕು, ಅದಕ್ಕೆ ಹೊರಗೆ ಬಂದ ಮೇಲೆ 24 ಗಂಟೆ ವಿಮಾನ ಹತ್ತುವಂತಿಲ್ಲ. ಅಲ್ಲಿನ ಆಳ ಕಡಿಮೆ, ಅದಕ್ಕೆ ನಡೆಯುತ್ತದೆ. ಅದೇ ಫ್ಲಾರಿಡಾದ ‘ಅಕ್ವೇರಿಯಸ್’ ಸಂಶೋಧನಾ ನೆಲೆ ಸುಮಾರು 19 ಮೀಟರ್ ಆಳದಲ್ಲಿದೆ, ಹೆಚ್ಚೂಕಮ್ಮಿ ನಿಮ್ಮ ಆಳವೇ. ಅಲ್ಲಿ ದಿನಗಟ್ಟಲೆ ಇದ್ದವರು ಮೇಲೆ ಬರುವ ಮೊದಲು ಒತ್ತಡ ಇಳಿಸಿಕೊಳ್ಳಲು ಸುಮಾರು 17 ಗಂಟೆ ಬೇಕು. ಹೋಟೆಲ್‌ನಲ್ಲಿ ಚೆಕ್‌ಔಟ್‌ಗೆ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಹಾಗಾಗಿ ಒಳಗೆ ಮಾಮೂಲಿ ಗಾಳಿ, ಹೊರಗೆ ಗಟ್ಟಿ ಗೋಡೆ. ಬೇರೆ ದಾರಿ ಇಲ್ಲ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಒತ್ತಡದಲ್ಲಲ್ಲ, ತೇಲುವುದರಲ್ಲಿ. ನೀರು ಒಳಗೆ ನುಗ್ಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಕಟ್ಟಡ ಮೇಲಕ್ಕೆ ಏಳುತ್ತದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಖಾಲಿ ಬಕೆಟನ್ನು ಬಾಯಿ ಮೇಲೆ ಮಾಡಿ ನೀರಿನ ತೊಟ್ಟಿಗೆ ಒತ್ತಿ ನೋಡಿ, ಕೈಯನ್ನು ಹೇಗೆ ಮೇಲಕ್ಕೆ ತಳ್ಳುತ್ತದೆ! ಈಗ ಲೆಕ್ಕ ಹಾಕಿ. ಹೊರ ಅಳತೆ 10 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದು ಕೋಣೆ. 150 ಘನ ಮೀಟರ್. ಸಮುದ್ರದ ನೀರು ಅದನ್ನು ಸುಮಾರು 154 ಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ. ನೆಲ, ಛಾವಣಿ, ನಾಲ್ಕು ಗೋಡೆ, ಆರೂ ಕಡೆ 30 ಸೆಂಟಿಮೀಟರ್ ದಪ್ಪ ಕಾಂಕ್ರೀಟ್ ಹಾಕಿ. ಎಷ್ಟು ತೂಕ ಬರುತ್ತದೆ? ಸುಮಾರು 127 ಟನ್. ಅಂದರೆ ಅಷ್ಟು ದಪ್ಪ ಕಾಂಕ್ರೀಟ್ ಪೆಟ್ಟಿಗೆಯೂ ಮುಳುಗುವುದಿಲ್ಲ, ತೇಲುತ್ತದೆ. ಅದರಲ್ಲಿ ಕಿಟಕಿಗೆ ಜಾಗ ಕೊರೆದರೆ ಇನ್ನೂ ಹಗುರ. ನಿಮ್ಮ ಗುಮ್ಮಟದ ಗಾತ್ರ ಎಷ್ಟು ಅಂತ ನೀವು ಬರೆದಿಲ್ಲ. 100 ಕೋಣೆ ಅಂದರೆ ಈ ಲೆಕ್ಕ ಸಾವಿರಾರು ಟನ್ ದಾಟುತ್ತದೆ. ಅದನ್ನೆಲ್ಲ ತಳಕ್ಕೆ ಕಟ್ಟಿಹಾಕುವುದು ಹೇಗೆ ಎಂಬುದೇ ನಿಮ್ಮ ಥೀಸಿಸ್‌ನ ಅರ್ಧ ಭಾಗ ಆಗಬೇಕು.

ಇದನ್ನು ನಿಜವಾಗಿ ಹೇಗೆ ಮಾಡಿದರು ಅಂತ ನೋಡಬೇಕಾದರೆ ರಂಗಾಲಿಯಲ್ಲೇ ಇರುವ ‘ಇಥಾ’ ರೆಸ್ಟೋರೆಂಟ್ ಓದಿಕೊಳ್ಳಿ. 14 ಜನ ಕೂತು ಊಟ ಮಾಡುವಷ್ಟು ಜಾಗ, 5 ಮೀಟರ್ ಆಳ, 2005ರ ಏಪ್ರಿಲ್‌ನಲ್ಲಿ ತೆರೆಯಿತು. ನ್ಯೂಜಿಲೆಂಡ್‌ನ ಎಂ.ಜೆ. ಮರ್ಫಿ ಕಂಪನಿಯ ವಿನ್ಯಾಸ. ಕಟ್ಟಿದ್ದು ಸಮುದ್ರದಲ್ಲಲ್ಲ, ಸಿಂಗಾಪುರದಲ್ಲಿ, ಒಣ ನೆಲದ ಮೇಲೆ. 175 ಟನ್ ತೂಕದ ಇಡೀ ರಚನೆಯನ್ನು ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಮೇಲೇರಿಸಿ ಮಾಲ್ಡೀವ್ಸ್‌ಗೆ ತಂದರು. ಮುಳುಗಿಸಲು ಅದರ ಹೊಟ್ಟೆಗೆ 85 ಟನ್ ಮರಳು ತುಂಬಬೇಕಾಯಿತು! ಮುಳುಗಿದ ಮೇಲೆ, ತಳದಲ್ಲಿ ಮೊದಲೇ ಇಳಿಸಿದ್ದ ನಾಲ್ಕು ಉಕ್ಕಿನ ಕಂಬಗಳಿಗೆ ಕಾಂಕ್ರೀಟ್ ಹಾಕಿ ಬಿಗಿದರು. ನಾರ್ವೆಯ ಲಿಂಡೆಸ್ನೆಸ್‌ನಲ್ಲಿ ಸ್ನೋಹೆಟ್ಟಾ ಸಂಸ್ಥೆ ವಿನ್ಯಾಸ ಮಾಡಿದ ‘ಅಂಡರ್’ ರೆಸ್ಟೋರೆಂಟ್ ಕೂಡ ಬಾರ್ಜ್ ಮೇಲೆ ಕಟ್ಟಿ ಆಮೇಲೆ ಮುಳುಗಿಸಿದ್ದು. 34 ಮೀಟರ್ ಉದ್ದ, ಅರ್ಧ ಮೀಟರ್ ದಪ್ಪದ ಕಾಂಕ್ರೀಟ್ ಗೋಡೆ. ನಾನು ವರ್ಷಗಟ್ಟಲೆ ಬಂದರುಗಳಲ್ಲಿ ಕೆಲಸ ಮಾಡಿದವನು. ನೀರಿನೊಳಗೆ ಒಂದು ಬೋಲ್ಟ್ ಬಿಗಿಯುವುದು ಎಂಥ ಗೋಳು ಅಂತ ಗೊತ್ತು. ಕೆಸರು ಎದ್ದರೆ ಡೈವರ್‌ಗೆ ತನ್ನ ಸ್ಪ್ಯಾನರ್ ಕಾಣುವುದಿಲ್ಲ, ಕೈಯಲ್ಲಿ ತಡವಿ ಬಿಗಿಯುತ್ತಾನೆ. ಅದಕ್ಕೇ ಆದಷ್ಟೂ ಕೆಲಸ ದಡದಲ್ಲಿ ಮುಗಿಯಬೇಕು. ಇದರಿಂದ ಇನ್ನೊಂದು ಮಿತಿ ಬರುತ್ತದೆ. ಬಾರ್ಜ್ ಹೊರುವಷ್ಟು, ಕ್ರೇನ್ ಎತ್ತುವಷ್ಟೇ ನಿಮ್ಮ ಕೋಣೆಯ ಗಾತ್ರ.

ಕಿಟಕಿ ಅಂದೆನಲ್ಲ, ಅದು ಗಾಜಲ್ಲ, ಅಕ್ರಿಲಿಕ್. ಗಾಜಿಗಿಂತ ಅರ್ಧ ತೂಕ. ಬೇಕಾದ ಹಾಗೆ ಬಗ್ಗಿಸಬಹುದು. ಗೀರು ಬಿದ್ದರೆ ಪಾಲಿಶ್ ಮಾಡಬಹುದು. ಇಥಾದ ಕಮಾನಿಗೆ ಹಾಕಿದ್ದು 125 ಮಿಲಿಮೀಟರ್ ದಪ್ಪದ್ದು. ನೀರು ಮತ್ತು ಅಕ್ರಿಲಿಕ್ ಎರಡೂ ಬೆಳಕನ್ನು ಬಗ್ಗಿಸುವ ರೀತಿಯಲ್ಲಿ ಹತ್ತಿರ ಹತ್ತಿರ. ಹಾಗಾಗಿ ನೀರಿನ ಕಡೆಯ ಸಣ್ಣ ಗೀರು ಅಷ್ಟಾಗಿ ಕಾಣುವುದೇ ಇಲ್ಲ. ಚಪ್ಪಟೆ ಕಿಟಕಿಯಲ್ಲಿ ಮೀನು ಇರುವುದಕ್ಕಿಂತ ಹತ್ತಿರ ಕಾಣುತ್ತದೆ. 4 ಮೀಟರ್ ದೂರದ್ದು 3 ಮೀಟರ್‌ನಲ್ಲಿ ಇದ್ದ ಹಾಗೆ. ಇದನ್ನು ಡಿಸೈನ್‌ನಲ್ಲಿ ಬಳಸಿಕೊಳ್ಳಿ, ಬಿಟ್ಟಿ ಲಾಭ. ರಾತ್ರಿ ಮಾತ್ರ ತೊಂದರೆ. ಒಳಗೆ ದೀಪ ಜಾಸ್ತಿ ಇದ್ದರೆ ಕಿಟಕಿ ಕನ್ನಡಿಯಾಗಿಬಿಡುತ್ತದೆ, ಅತಿಥಿಗೆ ಕಾಣುವುದು ಅವರದೇ ಮುಖ. ಒಳಗೆ ಮಂದ ದೀಪ, ಹೊರಗೆ ನೀರಿಗೆ ದೀಪ ಇಡಬೇಕು. ಆ ಬೆಳಕಿಗೆ ಸಣ್ಣ ಜೀವಿಗಳು ಬರುತ್ತವೆ, ಅವನ್ನು ತಿನ್ನಲು ಮೀನು ಬರುತ್ತವೆ.

ಆದರೆ ಅಕ್ರಿಲಿಕ್‌ಗೂ ವಯಸ್ಸಾಗುತ್ತದೆ. ಸದಾ ಭಾರ ಹೊತ್ತರೆ ನಿಧಾನವಾಗಿ ಬಾಗುತ್ತದೆ. ತಪ್ಪು ದ್ರಾವಣ ಹಾಕಿ ಒರೆಸಿದರೆ ಕೂದಲೆಳೆಯಂಥ ಬಿರುಕು ಬರುತ್ತದೆ. ಬರ್ಲಿನ್‌ನ ಒಂದು ಹೋಟೆಲ್ ಲಾಬಿಯಲ್ಲಿದ್ದ ‘ಅಕ್ವಾಡಾಮ್’ ಮೀನಿನ ತೊಟ್ಟಿ 2022ರ ಡಿಸೆಂಬರ್ 16ರ ಬೆಳಗಿನ ಜಾವ ಒಡೆದುಹೋಯಿತು. 10 ಲಕ್ಷ ಲೀಟರ್ ನೀರು, ಸುಮಾರು 1,500 ಮೀನು. ಲಾಬಿಯಲ್ಲಿ ಜನ ಓಡಾಡುವ ಹೊತ್ತಲ್ಲವಾದ್ದರಿಂದ ಪ್ರಾಣ ಹೋಗಲಿಲ್ಲ. ಇಂಥದೇ ಕಾರಣ ಅಂತ ಖಚಿತವಾಗಿ ಹೇಳಲು ತನಿಖೆ ಮಾಡಿದವರಿಗೂ ಆಗಲಿಲ್ಲ. ಒಂದೇ ದೊಡ್ಡ ಗುಮ್ಮಟ ಬೇಡ ಅನ್ನುವುದು ಇದಕ್ಕೇ. ಒಂದು ಕಡೆ ಹೋದರೆ ಎಲ್ಲವೂ ಹೋಗುತ್ತದೆ. ಚಿಕ್ಕ ಚಿಕ್ಕ ಕೋಣೆ, ನಡುವೆ ಹಡಗಿನಲ್ಲಿರುವಂತೆ ನೀರು ದಾಟದ ಬಾಗಿಲು, ಹೀಗಿರಲಿ.

ಬೆಂಕಿಯ ವಿಚಾರಕ್ಕೆ ನಿಮ್ಮ ಗೈಡ್ ಖಂಡಿತ ಬರುತ್ತಾರೆ. ಮಾಮೂಲಿ ಕಟ್ಟಡದಲ್ಲಿ ಹೊಗೆ ಮೇಲೆ ಹೋಗುತ್ತದೆ, ಜನ ಕೆಳಗಿಳಿದು ಹೊರಗೆ ಓಡುತ್ತಾರೆ. ಇಲ್ಲಿ ಜನ ಓಡಬೇಕಾದದ್ದೂ ಮೇಲಕ್ಕೇ, ಹೊಗೆ ಹೋಗುವುದೂ ಮೇಲಕ್ಕೇ. 5 ಮೀಟರ್ ಆದರೆ ಒಂದೂವರೆ ಅಂತಸ್ತಿನ ಮೆಟ್ಟಿಲು, ಉಸಿರು ಬಿಗಿಹಿಡಿದು ಹತ್ತಿಬಿಡಬಹುದು. 20 ಮೀಟರ್ ಅಂದರೆ ಆರೇಳು ಅಂತಸ್ತು. ಎರಡು ಪ್ರತ್ಯೇಕ ಮೆಟ್ಟಿಲ ದಾರಿ ಇಲ್ಲದ ನಕ್ಷೆಯನ್ನು ನಾನಾದರೆ ತೆರೆದೂ ನೋಡುವುದಿಲ್ಲ.

ಗಾಳಿಯ ಬಗ್ಗೆ ಜನ ಸುಮ್ನೆ ಜಾಸ್ತಿ ಹೆದರುತ್ತಾರೆ. ಸುಮ್ಮನೆ ಕೂತಿರುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. 60 ಘನ ಮೀಟರ್ ಗಾಳಿ ಇರುವ ಕೋಣೆಯಲ್ಲಿ ಇಬ್ಬರಿದ್ದು, ಫ್ಯಾನ್ ಪೂರ್ತಿ ನಿಂತುಹೋದರೂ, ಕೆಲಸದ ಜಾಗಗಳಲ್ಲಿ ಮಿತಿ ಎನ್ನುವ ಹತ್ತು ಲಕ್ಷಕ್ಕೆ 5,000 ಭಾಗ ಮುಟ್ಟಲು ಏಳೆಂಟು ಗಂಟೆ ಬೇಕು. ಅಂದರೆ ಕರೆಂಟ್ ಹೋದ ತಕ್ಷಣ ಯಾರೂ ಸಾಯುವುದಿಲ್ಲ. ಆದರೆ ನಮ್ಮ ಕಡೆಯವರಿಗೆ ಗೊತ್ತಲ್ಲ, ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಎಷ್ಟು ದಿನಕ್ಕೆ ಅಂತ! ಸಮುದ್ರದ ನಡುವೆ ಬಿರುಗಾಳಿ ಬಂದಾಗ ರಿಪೇರಿ ದೋಣಿಯೂ ಬರುವುದಿಲ್ಲ. ಹಾಗಾಗಿ ಎರಡು ಜನರೇಟರ್, ಬ್ಯಾಟರಿ, ಕೈಯಲ್ಲಿ ತೆರೆಯುವ ಗಾಳಿ ಕೊಳವೆ, ಎಲ್ಲ ಬೇಕು. ತೇವ ಇನ್ನೊಂದು ಶತ್ರು. ಮಳೆಗಾಲದಲ್ಲಿ ಬೀರುವಿನ ಬಟ್ಟೆಗೆ, ಬೆಲ್ಟಿಗೆ ಬೂಷ್ಟು ಹಿಡಿಯುವುದನ್ನು ಕೊಡಗಿನಲ್ಲಿ ಬೆಳೆದ ನಿಮಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ವರ್ಷವಿಡೀ ಅದೇ ಕತೆ.

ನೇತ್ರಾಣಿಗೆ ಬರೋಣ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ. ಡೈವಿಂಗ್‌ಗೆ ಹೆಸರಾದ ಜಾಗ. ಆದರೆ ಹೋಟೆಲ್‌ಗೆ ಸರಿಯಲ್ಲ, ಎರಡು ಕಾರಣಕ್ಕೆ. ಒಂದು ಮಳೆಗಾಲ. ಜೂನ್‌ನಿಂದ ಅರಬ್ಬೀ ಸಮುದ್ರ ಹೇಗಿರುತ್ತದೆ ಅಂದರೆ ಅಲ್ಲಿ ಡೈವಿಂಗೇ ನಿಲ್ಲುತ್ತದೆ. ಜೂನ್, ಜುಲೈ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧ. ಆಳಕ್ಕೆ ಹೋದರೆ ಅಲೆ ತಪ್ಪುತ್ತದೆ ಅಂತ ನೀವು 20 ಮೀಟರ್ ಇಟ್ಟಿರಬಹುದು. ತಪ್ಪುವುದಿಲ್ಲ. ಒಂದು ಅಲೆಯ ನೂಕಾಟ ಅದರ ಉದ್ದದ (ಒಂದು ಅಲೆಯ ತುದಿಯಿಂದ ಮುಂದಿನದರ ತುದಿಗಿರುವ ದೂರದ) ಅರ್ಧದಷ್ಟು ಆಳದ ತನಕ ಇರುತ್ತದೆ. 10 ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಆಳ ಸಮುದ್ರದಲ್ಲಿ 156 ಮೀಟರ್, ಅಂದರೆ 78 ಮೀಟರ್ ಆಳದವರೆಗೂ ನೀರು ಅಲ್ಲಾಡುತ್ತದೆ. ನಿಮ್ಮ ಗುಮ್ಮಟವನ್ನು ಇಡೀ ಮಳೆಗಾಲ ಹಿಡಿದು ಅಲುಗಿಸುತ್ತದೆ. ಜೊತೆಗೆ ಘಟ್ಟದ ಹೊಳೆಗಳ ಕೆಂಪು ನೀರೆಲ್ಲ ಆ ಕರಾವಳಿಗೇ ಇಳಿಯುವುದು.

ಎರಡನೇ ಕಾರಣ ಕಾನೂನು. ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿವೆ, ಹುಲಿ ಆನೆಗಿರುವ ರಕ್ಷಣೆಯೇ ಅವಕ್ಕೂ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೂ ಹವಳದ ಜಾಗ ಅತ್ಯಂತ ಬಿಗಿಯಾದ ವಲಯ. ಅಲ್ಲಿ ಹೋಟೆಲ್ ಕಂಬ ಊರಲು ಬಿಡುವುದಿಲ್ಲ, ಬಿಡಲೂ ಬಾರದು. ಥೀಸಿಸ್ ತಾನೇ ಅಂತ ಇದನ್ನು ಹಾರಿಸಬೇಡಿ. ಲಕ್ಷದ್ವೀಪದ ಯಾವುದಾದರೂ ಲಗೂನ್ ತೆಗೆದುಕೊಳ್ಳಿ. ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಅಲೆ ಹೊರಗೇ ಒಡೆಯುತ್ತದೆ, ನೀರು ತಿಳಿ. ಆಳ ಕಡಿಮೆ, ಆದರೆ ನಿಮಗೆ ಬೇಕಾದದ್ದು 5 ಮೀಟರ್ ತಾನೇ. ಮರಳು ತಳ ಇರುವ ಜಾಗ ಹುಡುಕಿ, ಹವಳದಿಂದ ದೂರ. ನಿಯಮ ಅಲ್ಲೂ ಬಿಗಿಯೇ. ಕಂಬ ಊರದೆ ತೇಲುವ ಕೋಣೆ ಮಾಡಿ, ಲಂಗರು ಹಾಕಿದರೆ ಬೇಡವಾದಾಗ ಎಳೆದುಕೊಂಡು ಹೋಗಬಹುದು ಎಂಬ ವಾದ ಜೂರಿ ಮುಂದೆ ನಿಲ್ಲುತ್ತದೆ. 100 ಕೋಣೆ ಬಿಟ್ಟು ಆರು ಮಾಡಿ. ಆರೂ ಬೇರೆ ಬೇರೆಯಾಗಿ ತೇಲಲಿ.

ಇನ್ನು ಅಪ್ಪನ ಮಾತು. ತಮಾಷೆಯಾಗಿ ಹೇಳಿದ್ದರೂ ಉತ್ತರ ಕೊಡಬೇಕಾದ ಪ್ರಶ್ನೆಯೇ. ಉಟ್ಟರ್ ಇನ್ ಇರುವುದು ಸಿಹಿನೀರಿನಲ್ಲೇ. ಆದರೆ ತೋಟದ ಕೆರೆ ಇರುವುದು ಕಾಫಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಹೂವಿನ ನೀರು (ಹೂ ಅರಳಲು ಬೇಕಾದ ನೀರು) ಕೊಡಲು ಸ್ಪ್ರಿಂಕ್ಲರ್ ಶುರುವಾದರೆ ನಿಮ್ಮ ಅತಿಥಿಗಳು ಕಿಟಕಿಯಲ್ಲಿ ಕೆಸರು ನೋಡುತ್ತಾರೆ. ಹೂಮಳೆ ಕೈಕೊಟ್ಟ ವರ್ಷ ಅಪ್ಪ ರೂಮಿನ ಮುಖ ನೋಡುವುದಿಲ್ಲ, ಪಂಪ್ ಹಾಕಿಯೇ ಹಾಕುತ್ತಾರೆ. ಹಾರಂಗಿಯಲ್ಲಿ ಮಾಡಬಹುದಾ ಅಂತ ಕೇಳುವವರೂ ಇದ್ದಾರೆ. ಜಲಾಶಯ ಸಮುದ್ರಮಟ್ಟದಿಂದ 2,859 ಅಡಿಯ ಪೂರ್ಣ ಮಟ್ಟಕ್ಕೆ ತುಂಬುವ ಮಳೆಗಾಲದಲ್ಲಿ ನೀರು ಕೆಂಪು. ತಿಳಿಯಾಗುವ ಬೇಸಿಗೆಯಲ್ಲಿ ಮಟ್ಟ ಇಳಿದಿರುತ್ತದೆ. ಹೋಂಸ್ಟೇಗೆ ಇದು ಬೇಡ. ಇರುವ ಕೋಣೆಗಳ ಸೋರುವ ಹಂಚು ಸರಿ ಮಾಡಿಸಿ, ಅದರಲ್ಲೇ ಲಾಭ.

ಆದರೆ ಆ ಕೆರೆ ನಿಮ್ಮ ಥೀಸಿಸ್‌ಗೆ ಒಳ್ಳೆಯ ಪ್ರಯೋಗಶಾಲೆ. 20 ಸೆಂಟಿಮೀಟರ್ ಅಗಲದ ಒಂದು ತಟ್ಟೆ ತೆಗೆದುಕೊಂಡು ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಹಚ್ಚಿ. ಕೆಳಗೆ ಭಾರ ಕಟ್ಟಿ, ಹಗ್ಗಕ್ಕೆ ಅರ್ಧ ಅಡಿಗೊಂದು ಗಂಟು ಹಾಕಿ ನೀರಿಗೆ ಇಳಿಸಿ. ತಟ್ಟೆ ಕಣ್ಣಿಗೆ ಕಾಣದಾಗುವ ಆಳ ಬರೆದುಕೊಳ್ಳಿ. ಇದಕ್ಕೆ ಸೆಕ್ಕಿ ತಟ್ಟೆ ಅನ್ನುತ್ತಾರೆ. ಇಟಲಿಯ ಏಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಮಾಡಿದ ಉಪಾಯ, ಇವತ್ತಿಗೂ ನಡೆಯುತ್ತದೆ. ಲಕ್ಷದ್ವೀಪಕ್ಕೆ ಸೈಟ್ ನೋಡಲು ಹೋದಾಗ ಅದೇ ತಟ್ಟೆ ಒಯ್ಯಿರಿ. ಎರಡು ಅಂಕಿ ಅಕ್ಕಪಕ್ಕ ಇಟ್ಟರೆ ಸೈಟ್ ಯಾಕೆ ಬದಲಿಸಿದಿರಿ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕೆಲಸ ಮಾಡಿ. ಅಂಗೈ ಅಗಲದ ಎರಡು ಅಕ್ರಿಲಿಕ್ ತುಂಡು ಬಿಸಿಲು ಬೀಳುವ ಕಡೆ ನೀರಿನೊಳಗೆ ನೇತುಹಾಕಿ. ಒಂದನ್ನು ವಾರಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಇನ್ನೊಂದನ್ನು ಮುಟ್ಟಬೇಡಿ. ಮುಟ್ಟದ್ದಕ್ಕೆ ಪಾಚಿ ಹೇಗೆ ಹತ್ತುತ್ತದೆ ಅಂತ ಫೋಟೊ ತೆಗೆಯುತ್ತಾ ಹೋಗಿ. ಸಮುದ್ರದಲ್ಲಿ ಪಾಚಿಯ ಜೊತೆ ಚಿಪ್ಪಿನ ಹುಳುಗಳೂ ಅಂಟುತ್ತವೆ. ಹಾಗಾಗಿ ಕಿಟಕಿ ಒರೆಸುವ ಡೈವರ್‌ಗಳ ಸಂಬಳವನ್ನು ನಿಮ್ಮ ಖರ್ಚಿನ ಪಟ್ಟಿಯಲ್ಲಿ ಕಾಯಂ ಸಿಬ್ಬಂದಿಯ ಸಾಲಿನಲ್ಲೇ ಬರೆಯಿರಿ. ತಟ್ಟೆ ಇಳಿಸುವುದನ್ನು ಮಾತ್ರ ಪಂಪ್ ಓಡುವ ದಿನ ಇಟ್ಟುಕೊಳ್ಳಬೇಡಿ. ಅವತ್ತು ತಳದ ಕೆಸರೆಲ್ಲ ಎದ್ದಿರುತ್ತದೆ, ಅಳತೆ ತಪ್ಪಾಗುತ್ತದೆ.